ಸಾವಕಾರನ ಸೋಮವಾರ

ಗೋವಾಕ್ಕೆ ಹೊರಡುವವರು ಬಿಸಿಲಿನ ಟೋಪಿ, ಕಪ್ಪು ಕನ್ನಡಕ ಕಟ್ಟಿಕೊಳ್ಳುತ್ತಾರೆ. ನಾವು ಕಟ್ಟಿಕೊಂಡದ್ದು ಜೋಳದ ಹಿಟ್ಟು, ರೊಟ್ಟಿ ಬೇಯಿಸುವ ಹಂಚು ಮತ್ತು ಮೊಸರಿನ ಡಬ್ಬಿ. ಎಲ್ಲವೂ ನಾಯಿಗಾಗಿ. ಧಾರವಾಡದ ನಮ್ಮ ಓಣಿಯಲ್ಲಿ ಬೆಳಗಿನ ಜಾವ ಕಾರು ತುಂಬುತ್ತಿದ್ದಾಗ ಎದುರು ಮನೆಯವರು ಹಲ್ಲುಜ್ಜುತ್ತ ಬಂದು ನಿಂತರು. “ಏನ್ರಿ, ಗೋವಾಕ್ಕ ಹೊಂಟೀರೊ, ಗುಳೇ ಹೊಂಟೀರೊ?” ಎಂದು ಕೇಳಿದರು. ನನಗೂ ಅದೇ ಸಂಶಯವಿತ್ತು.

ನಾಯಿಯ ಹೆಸರು ಸಾವಕಾರ. ತಳಿಯೇನೆಂದು ಕೇಳಿದವರಿಗೆ ಓಣಿಯದೇ ತಳಿ ಎನ್ನುತ್ತೇವೆ. ಹನ್ನೊಂದು ವರ್ಷದ ಹಿಂದೆ ಮರಿಯಾಗಿದ್ದಾಗ ನಮ್ಮ ಬಟ್ಟೆ ಅಂಗಡಿಗೆ ನುಗ್ಗಿ, ಗಾದಿಯ ಮೇಲೆ ನಾನು ಕೂಡುವ ಜಾಗದಲ್ಲಿ ಲೋಡಿಗೆ ಒರಗಿ ಮಲಗಿಬಿಟ್ಟಿತ್ತು. ಗಿರಾಕಿಗಳೇ ಹೆಸರಿಟ್ಟರು. ಅಂದಿನಿಂದ ನನ್ನನ್ನು ಸಾವಕಾರ ಎನ್ನುವವರು ಕಡಿಮೆಯಾದರು.

ಈ ಸಾವಕಾರ ಒಂದೂವರೆ ತಿಂಗಳಿಂದ ಊಟ ಬಿಟ್ಟಂತೆಯೇ ಇದ್ದ. ನಮ್ಮದು ತತ್ತಿ ಸಹ ಒಳಗೆ ಬಾರದ ಮನೆ. ನನ್ನ ಹೆಂಡತಿ ಸುವರ್ಣಾ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಇಡುತ್ತಿದ್ದಳು. ಅವನು ಮೂಸಿ ನೋಡಿ, ತಪ್ಪು ತಿಳಿಯಬೇಡಿ ಎಂಬಂತೆ ಒಮ್ಮೆ ಬಾಲ ಆಡಿಸಿ, ಹೋಗಿ ಮಲಗುತ್ತಿದ್ದ. ಪಕ್ಕೆಲುಬು ಎಣಿಸುವಂತಾಗಿತ್ತು. ದನದ ಡಾಕ್ಟರು ಹಲ್ಲು, ಹೊಟ್ಟೆ ಎಲ್ಲ ನೋಡಿ, “ರೋಗ ಏನೂ ಕಾಣಸವಲ್ದು. ಹವಾ ಬದಲ ಮಾಡಿ ನೋಡ್ರಿ. ಹಿಂಗ ನಡದ್ರ ಭಾಳ ದಿನ ತಡ್ಯಾಂಗಿಲ್ಲ,” ಎಂದಿದ್ದರು. ಹವಾ ಬದಲಾವಣೆಗೆ ಸುವರ್ಣಾ ಸಮುದ್ರವನ್ನು ಆರಿಸಿದಳು. ಅಲ್ಲಿ ನಾಯಿಗೆ ಆಗಬಹುದಾದ ಅಪಾಯಗಳನ್ನು ಆರಿಸುವ ಕೆಲಸ ನನಗೆ ಉಳಿಯಿತು.

ಅಳ್ನಾವರ, ಲೋಂಡಾ ದಾಟಿ, ಅನಮೋಡ ಘಾಟಿ ಇಳಿದು ಗೋವಾದ ಕಡಲ ದಂಡೆಯ ಬಾಣಾವಲಿ ತಲುಪುವುದು ಊಟದ ಹೊತ್ತಿನ ಮಾತು. ನಾವು ತಲುಪಿದ್ದು ಸಂಜೆಗೆ. ಘಾಟಿಯ ತಿರುವಿನಲ್ಲಿ ಸಾವಕಾರ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿ ಏನೂ ಇಲ್ಲದವನು ಏನು ಕಕ್ಕಿದ ಎಂದು ನಾನು ಚಿಂತಿಸುತ್ತ ಸಾವರ್ಡೆಯ ಚಹಾದಂಗಡಿಯವರೆಗೂ ಬಂದೆ. ಅವನ ಚುಚ್ಚುಮದ್ದಿನ ಕಾಗದದ ಝೆರಾಕ್ಸ್ ಪ್ರತಿಗಳನ್ನು ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಅದೂ ಒಂದು ಬೇಜಾರು.

ನಾಯಿಗೂ ಜಾಗ ಕೊಡುತ್ತೇನೆಂದು ಫೋನಿನಲ್ಲಿ ಒಪ್ಪಿದ್ದವರು ಸುಷ್ಮಾಬಾಯಿ. ತೆಂಗಿನ ತೋಟದ ನಡುವೆ ಅವರ ಮನೆ, ಮಗ್ಗುಲಲ್ಲಿ ಬಾಡಿಗೆಯ ಎರಡು ಕೋಣೆ, ಹಿಂದೆ ಅಡಿಗೆಮನೆ, ಕೋಳಿಗಳು. ನಾನು ಕಾರಿನ ಬಾಗಿಲು ಹಿಡಿದು, “ಸಾವಕಾರ, ಇಳ್ಯೋ ಮಾರಾಯಾ,” ಎಂದು ಅಂಗಲಾಚುತ್ತಿದ್ದಾಗ ಅವರು ಬಂದು ನಾಯಿಯತ್ತ ಬೆರಳು ಮಾಡಿ ಕೊಂಕಣಿಯಲ್ಲಿ ಕೇಳಿದರು: “ಸುಣೆಂ ಶಿವ್ರಾಕ್?”

ಸುಣೆಂ ಅಂದರೆ ನಾಯಿ ಎಂಬುದು ಬೆರಳಿನಿಂದಲೇ ತಿಳಿಯಿತು. ಹೆಸರನ್ನು ಮಾತ್ರ ತಪ್ಪು ಕೇಳಿಸಿಕೊಂಡಿದ್ದಾರೆ ಅಂದುಕೊಂಡೆ. “ಶಿವ್ರಾಕ್ ನಹೀ, ಶಿವ್ರಾಕ್ ನಹೀ,” ಎಂದು ಅಂಗಡಿಯ ಹಿಂದಿಯಲ್ಲಿ ತಿದ್ದಿದೆ. “ಸಾವಕಾರ. ಸಾ-ವ-ಕಾರ.”

ಅವರು ನಾಯಿಯ ಪಕ್ಕೆ ನೋಡಿದರು, ನನ್ನ ಹೊಟ್ಟೆ ನೋಡಿದರು. “ಬರೆಂ, ಬರೆಂ,” ಎಂದು ಒಪ್ಪಿದಂತೆ ತಲೆಯಾಡಿಸಿ ನಗುತ್ತ ಒಳಗೆ ಹೋದರು.

ಮರುದಿನ ರವಿವಾರ ಬೆಳಿಗ್ಗೆ ಸಮುದ್ರಕ್ಕೆ ಹೋದೆವು. ಸೆಕೆ ಆಗಲೇ ಅಂಗಿಯನ್ನು ಬೆನ್ನಿಗೆ ಅಂಟಿಸಿತ್ತು. ಒರಗುಕುರ್ಚಿಯಲ್ಲಿ ಆರಾಮಾಗಿ ಕಾಲು ಚಾಚುವುದೆಂದು ಬಂದವನು ನಾನು. ಸಾವಕಾರ ಕುರ್ಚಿಯನ್ನು ಸುತ್ತಿ ಸುತ್ತಿ, ತನ್ನ ಹಗ್ಗದಿಂದ ನನ್ನನ್ನು ಅದಕ್ಕೆ ಕಟ್ಟಿಹಾಕಿದ. ಸುತ್ತ ಬೀಚಿನ ನಾಯಿಗಳು ತಣ್ಣನೆಯ ಉಸುಕು ಕೆದರಿಕೊಂಡು ನಿದ್ದೆ ಹೋಗಿದ್ದವು. ಅಲ್ಲಿ ರಜೆಯ ಮೇಲಿದ್ದವು ಅವು ಮಾತ್ರ.

“ಸಾಹೇಬ್ರ, ನೀವು ನಾಯಿ ಕಟ್ಟೀರೊ, ನಾಯಿ ನಿಮ್ಮನ್ನ ಕಟ್ಟೇತೊ?”

ಮಣಿಸರಗಳ ಗೊಂಚಲು ತೋಳಿಗೆ ಹಾಕಿಕೊಂಡ ಹೆಂಗಸೊಬ್ಬಳು ನಗುತ್ತ ನಿಂತಿದ್ದಳು. ಹೆಸರು ಗಂಗವ್ವ, ಬಾದಾಮಿ ಕಡೆಯವಳು, ಮಡಗಾವದ ಮೋತಿ ಡೊಂಗರ್‌ನಲ್ಲಿ ಮನೆ. ಹಗ್ಗ ಬಿಡಿಸುತ್ತಲೇ ಸುವರ್ಣಾಳ ಜೊತೆ ಮಾತು ಹಚ್ಚಿದಳು.

“ಯಾ ಊರ್ರಿ ಅಕ್ಕಾರ?”

“ಧಾರವಾಡ. ನಮ್ಮ ಸಾವಕಾರಗ ಊಟ ಹೋಗವಲ್ದು. ಅದಕ್ಕ ಬಂದೇವಿ.”

ಗಂಗವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಊಟ ಹೋಗವಲ್ದಾ? ಹಂಗೇನ ಕಾಣಸೂದಿಲ್ಲಲ್ರಿ.”

“ಅವರಲ್ಲವ್ವಾ. ನಾಯಿ.” ಬಹಳ ದಿನಗಳ ಮೇಲೆ ಸುವರ್ಣಾ ಬಾಯ್ತುಂಬ ನಕ್ಕಳು.

ಮಧ್ಯಾಹ್ನ ನಮ್ಮ ಕೋಣೆಯ ಹಿಂದಿನ ಕಟ್ಟೆಯ ಮೇಲೆ ಸಾವಕಾರನ ಬೋಗಾಣಿ ತೊಳೆದಿಟ್ಟಂತೆ ಖಾಲಿಯಾಗಿತ್ತು. ರಾತ್ರಿಯ ಊಟವೂ ಹಾಗೆಯೇ ಖಾಲಿ. ಸುವರ್ಣಾ ಬೋಗಾಣಿಯನ್ನು ಬೆಳಕಿಗೆ ಹಿಡಿದು ತೋರಿಸಿದಳು. “ಹವಾ ಹತ್ತೇತ್ರಿ. ನೋಡ್ರಿ, ನನ್ನ ರೊಟ್ಟಿ ಒಂದ ಚೂರ ಬಿಟ್ಟಿಲ್ಲ.” ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು. ಒಮ್ಮೆಲೇ ಇಷ್ಟು ತಿಂದರೆ ಅಜೀರ್ಣವಾದೀತೇ ಎಂದು ನಾನು ಎದ್ದು ಕುಳಿತಿದ್ದೆ.

ಸೋಮವಾರ ಸಾವಕಾರ ಮತ್ತೆ ಮುಖ ತಿರುಗಿಸಿದ. ರೊಟ್ಟಿ ಮೂಸಿ, ಗೋಡೆಯ ಕಡೆ ತಲೆ ಹಾಕಿ ಮಲಗಿದ. ಸುವರ್ಣಾ ಅವನ ಪಕ್ಕದಲ್ಲೇ ನೆಲಕ್ಕೆ ಕೂತು, ತುತ್ತು ಬಾಯಿಯ ಹತ್ತಿರ ಹಿಡಿದು, “ಒಂದ ತುತ್ತ ತಿನ್ನಪಾ, ನಿನ್ನೆ ತಿಂದಿಯಲ್ಲಾ,” ಎನ್ನುತ್ತಿದ್ದಳು. ನಾನು ಫೋನು ಹಿಡಿದು ಮಡಗಾವದ ದನದ ಡಾಕ್ಟರನ್ನು ಹುಡುಕುತ್ತಿದ್ದೆ. ಆಗಲೇ ಗಂಗವ್ವ ನೀರು ಕುಡಿಯಲು ತೋಟಕ್ಕೆ ಬಂದಳು. ಅಡಿಗೆಮನೆಯಿಂದ ಸುಷ್ಮಾಬಾಯಿಯೂ ಬಂದರು. ನಮ್ಮ ಗಾಬರಿ ಕಂಡು ಅವರಿಗೇ ಆಶ್ಚರ್ಯ.

“ಆಯ್ಜ್ ಸೋಮಾರ್. ನುಸ್ತೆಂ ನಾ,” ಎಂದರು.

ನಾನು ಗಂಗವ್ವನ ಮುಖ ನೋಡಿದೆ. ಆಕೆ ನೀರಿನ ತಂಬಿಗೆ ಕೆಳಗಿಟ್ಟಳು. “ಇವತ್ತ ಸೋಮಾರ ಅಂತ್ರಿ. ಇವರ ಮನ್ಯಾಗ ಮೀನ ಮಾಡಾಂಗಿಲ್ಲಂತ. ನಾಳೆ ಹಾಕ್ತಾರಂತ.”

“ಯಾರಿಗೆ?” ಎಂದೆ. ಕೇಳುವ ಅಗತ್ಯವಿರಲಿಲ್ಲ.

ಉಳಿದದ್ದನ್ನೂ ಗಂಗವ್ವನೇ ಕೇಳಿ ಹೇಳಿದಳು. ಶಿವ್ರಾಕ್ ಅಂದರೆ ಶಾಕಾಹಾರಿ. ಅಲ್ಲವೇ ಅಲ್ಲ ಎಂದು ನಾನೇ ಎರಡು ಸಲ ಒತ್ತಿ ಹೇಳಿದ್ದೆ. ಮೇಲೆ ಸಾವಕಾರ ಎಂದೂ ಸೇರಿಸಿದ್ದೆ. ಇಷ್ಟು ದೊಡ್ಡ ಮನುಷ್ಯನ ನಾಯಿಗೆ ಬರೀ ರೊಟ್ಟಿಯೇ ಎಂದು ಸುಷ್ಮಾಬಾಯಿ ಅದನ್ನು ಕೋಳಿಗಳಿಗೆ ಸುರಿದು, ಅದೇ ಬೋಗಾಣಿಯಲ್ಲಿ ಬಾಂಗಡೆ ಸಾರು ಅನ್ನ ಕಲಸಿ ಹಾಕಿದ್ದರು.

ಸುವರ್ಣಾ ತುತ್ತನ್ನು ಮೆಲ್ಲಗೆ ಬೋಗಾಣಿಗೆ ಹಾಕಿ, ಕೈ ತೊಳೆದುಕೊಂಡು ಕೋಣೆಗೆ ಹೋದಳು. ನಾನು ಹಿಂದೆಯೇ ಹೋಗಿ, ಭಾಷೆಯ ತೊಂದರೆ, ಸೆಕೆ, ಪ್ರಯಾಣದ ದಣಿವು ಎಂದೇನೋ ವಿವರಿಸತೊಡಗಿದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಹನ್ನೊಂದ ವರ್ಷ ನನ್ನ ರೊಟ್ಟಿ ತಿಂದನಲ್ರಿ,” ಎಂದಳು. “ದಾಕ್ಷಿಣ್ಯಕ್ಕೇನು?”

ಇದಕ್ಕೆ ಉತ್ತರ ಹೇಳಬೇಕಾದವನು ಸಾವಕಾರ. ಗೊತ್ತಿದ್ದರೂ ಅವನು ಹೇಳುವ ಪೈಕಿ ಅಲ್ಲ.

ಮಂಗಳವಾರ ಮಧ್ಯಾಹ್ನ ಸುವರ್ಣಾ ತಾನೇ ಹೋಗಿ ಸುಷ್ಮಾಬಾಯಿಗೆ ಕೈಸನ್ನೆಯಲ್ಲಿ ಹೇಳಿದಳು: ಹಾಕಿರಿ. ಆಮೇಲೆ ದೂರದ ತೆಂಗಿನ ಮರದ ಬಳಿ, ಸೆರಗನ್ನು ಮೂಗಿಗೆ ಹಿಡಿದು ನಿಂತು ನೋಡಿದಳು. ಮುಳ್ಳು ಗಂಟಲಿಗೆ ಸಿಕ್ಕೀತು ಎಂದು ನಾನು ಬೋಗಾಣಿಯ ಸುತ್ತ ಸುಳಿದಾಡುತ್ತಿದ್ದೆ. ಸಾವಕಾರ ತಿಂದ. ನಾಲ್ಕೂ ಕಾಲು ಊರಿ, ಕಿವಿ ಹಿಂದಕ್ಕೆ ಹಾಕಿ, ಬೋಗಾಣಿಯನ್ನು ಅಂಗಳದುದ್ದಕ್ಕೂ ನೂಕುತ್ತ ನೂಕುತ್ತ ತಿಂದ. ಮುಗಿಸಿ ನೇರ ಸುವರ್ಣಾಳ ಹತ್ತಿರ ಹೋಗಿ ಅವಳ ಸೀರೆಗೆ ಮೂತಿ ಒರೆಸಿದ. ಅವಳು ಹಿಂದೆ ಸರಿಯಲಿಲ್ಲ.

ಉಳಿದ ದಿನಗಳಲ್ಲಿ ಅವನ ಮೈ ತುಂಬಿಕೊಂಡಿತು, ನನ್ನದು ಬತ್ತಿತು. ಊರಿಗೆ ಮರಳಿದ ಮೇಲೆ ಏನು ಎಂಬ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಮೀನು ಕುದಿಯುವುದು ನನ್ನ ಕಲ್ಪನೆಗೂ ಬರುತ್ತಿರಲಿಲ್ಲ. ಮತ್ತೆ ರೊಟ್ಟಿಗೆ ಮರಳಿದರೆ ಮಳೆಗಾಲ ಕಾಣುವನೆಂಬ ಭರವಸೆಯೂ ಇರಲಿಲ್ಲ. ಕೊನೆಯ ದಿನ ಸುವರ್ಣಾ ಮತ್ತು ಗಂಗವ್ವ ದೋಣಿಯ ನೆರಳಲ್ಲಿ ಕೂತು ಬಹಳ ಹೊತ್ತು ಗುಸುಗುಸು ಮಾತಾಡಿದರು. ನಾನು ಹತ್ತಿರ ಹೋದಾಗ ಸುಮ್ಮನಾದರು. ಎಂದೂ ಹಾಕಿಕೊಳ್ಳದ ಮಣಿಸರ ಯಾಕೆ ಕೊಂಡಿ ಎಂದು ಸುವರ್ಣಾಳನ್ನು ಕೇಳಿದ್ದಕ್ಕೆ, “ಪಾಪ, ನಮ್ಮ ಕಡಿಯಾಕಿ,” ಎಂದಳು.

ಮರಳುವ ದಾರಿಯಲ್ಲಿ ಮೊಲೆಂ ದಾಟುವಾಗ ಕಾರಿನಲ್ಲಿ ವಾಸನೆ ಸುರುವಾಯಿತು. ಮೊದಲು ನಾಯಿಯ ಮೇಲೆ ಸಂಶಯಪಟ್ಟೆ, ಆಮೇಲೆ ಕ್ಲಚ್ಚಿನ ಮೇಲೆ. ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಸುವರ್ಣಾ ಕಿಟಕಿಯಾಚೆಯ ಕಾಡನ್ನು ಎಂದೂ ಇಲ್ಲದ ಆಸಕ್ತಿಯಿಂದ ನೋಡುತ್ತಿದ್ದಳು.

ಅನಮೋಡದ ತಪಾಸಣೆ ನಾಕಾದಲ್ಲಿ ಪೇದೆಯೊಬ್ಬರು ಕೈ ಅಡ್ಡ ಹಿಡಿದರು. “ಬಾಟ್ಲಿ ಏನಾರ ಅದಾವೇನ್ರಿ?”

ಕೊನೆಗೂ ಯಾರೋ ಏನೋ ಕೇಳಿದ ಸಂತೋಷದಲ್ಲಿ ನಾನು ಎದೆ ಉಬ್ಬಿಸಿದೆ. “ಛೆ ಛೆ. ನಾವು ತತ್ತಿ ಸೈತ ಮುಟ್ಟದ ಮಂದಿ ಅದೇವ್ರಿ.”

ಅವರು ಹಿಂದಿನ ಚೀಲದ ಬಾಯಿ ಬಿಚ್ಚಿದರು. ಹಂಚಿನ ಕೆಳಗೆ ಪ್ಲಾಸ್ಟಿಕ್, ಅದರೊಳಗೆ ಮತ್ತೊಂದು ಪ್ಲಾಸ್ಟಿಕ್, ಅದರೊಳಗೆ ಒಣ ಮೀನು. ಪೇದೆ ಚೀಲವನ್ನು ನೋಡಿ ನನ್ನ ಮುಖ ನೋಡಿದರು. ನಾನು ಸುವರ್ಣಾಳ ಮುಖ ನೋಡಿದೆ.

“ಅದು ಸಾವಕಾರಂದ್ರಿ,” ಎಂದಳು ಅವಳು, ಕಾಡಿನಿಂದ ಕಣ್ಣು ತೆಗೆಯದೆ.

ಪೇದೆ ಚೀಲ ಕಟ್ಟಿ ನನ್ನ ಕಿಟಕಿಗೆ ಬಾಗಿದರು. ದನಿ ತಗ್ಗಿಸಿ, “ತಿನ್ನೂದು ತಪ್ಪಲ್ರಿ ಸಾವಕಾರ್ರ. ಸುಳ್ಳ ಯಾಕ ಹೇಳ್ತೀರಿ?” ಎಂದರು. ನಾನು ತಿದ್ದಲಿಲ್ಲ. ಒಮ್ಮೆ ತಿದ್ದಿದ್ದರ ಫಲ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿತ್ತು.

ರಾಮನಗರ ದಾಟಿದೆವು. ಆಮೇಲೆ ಸುವರ್ಣಾ ಹೇಳಿದಳು: “ಹಿತ್ತಲದಾಗ ಬ್ಯಾರೆ ಒಲಿ ಹಾಕೂಣು. ಬ್ಯಾರೆ ಬೋಗಾಣಿ. ನೀವು ಕುದಸ್ರಿ. ನಾ ಮುಟ್ಟಾಂಗಿಲ್ಲ.”

ಕುದಿಸುವುದು ಹೇಗೆ, ಮುಳ್ಳು ಬಿಡಿಸುವುದು ಹೇಗೆ, ಎದುರು ಮನೆಯವರಿಗೆ ವಾಸನೆ ಹೋದರೆ ಏನು ಹೇಳುವುದು ಎಂದು ಅಳ್ನಾವರದವರೆಗೆ ಸಾಕಾಗುವಷ್ಟು ಚಿಂತೆ ಸಿಕ್ಕಿತು. ಅದರಲ್ಲಿ ಒಂದನ್ನೇ ಬಾಯಿ ಬಿಟ್ಟು ಕೇಳಿದೆ.

“ದಿನಾಲೂ ಏನು?”

ಅವಳು ತಿರುಗಿ, ಮಲಗಿದ್ದ ಸಾವಕಾರನ ತಲೆಯ ಮೇಲೆ ಕೈ ಇಟ್ಟಳು.

“ಸೋಮಾರ ಬಿಟ್ಟು. ಸೋಮಾರ ನನ್ನ ರೊಟ್ಟಿ. ದಾಕ್ಷಿಣ್ಯಕ್ಕಾದ್ರೂ ತಿನ್ನಲಿ.”