ಮೊದಲ ಪಾಠ ಜಗಳ

ಮೆಹರುನ್ನೀಸಾ ಮೇಡಂ ಪಾಠ ಮಾಡುವಾಗ ಹೊರಗಿನಿಂದ ಕೇಳಿದರೆ, ಒಳಗೆ ಯಾರೋ ಕೈ ಕೈ ಮಿಲಾಯಿಸುತ್ತಿದ್ದಾರೆ ಎನ್ನಿಸುತ್ತಿತ್ತು. ಮೊದಲ ದಿನ ನಾನು ಜಗಳ ಬಿಡಿಸಲೆಂದೇ ಓಡಿದ್ದೆ. ನೋಡಿದರೆ ಕನ್ನಡ ತರಗತಿ.

ಅಂತರಸನಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಬಿಹಾರ, ಒಡಿಶಾ ಕಡೆಯ ಕೆಲಸಗಾರರೇ ಹೆಚ್ಚು. ಅವರಿಗೆ ಸಂಜೆ ಕನ್ನಡ ಕಲಿಸಲು ಗುಬ್ಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಿವೃತ್ತ ಶಿಕ್ಷಕಿ ಈ ಮೇಡಂ. ಕನ್ನಡಕವನ್ನು ಹಣೆಗೇರಿಸಿ, ಒಂದು ದಿನ ತಾವೇ ಆಟೋದವರಾಗುವರು, ಇನ್ನೊಂದು ದಿನ ಮನೆ ಓನರ್ ಆಗುವರು. ಕಲಿಯುವವರು ಅವರ ಜೊತೆ ಜಗಳವಾಡಿ ಗೆಲ್ಲಬೇಕು. ಗೆದ್ದವರನ್ನು ನಾನಂತೂ ಕಾಣೆ.

"ನಮ್ಮನೇಲಿ ಉರ್ದು ಕಣಪ್ಪ. ನಾನು ಕನ್ನಡ ಕಲ್ತಿದ್ದು ಗುಬ್ಬಿ ಸಂತೇಲಿ, ಸೊಪ್ಪಿನವಳ ಜೊತೆ ಕಿತ್ತಾಡ್ಕೊಂಡು. ಸಿಟ್ಟಲ್ಲಿ ಯಾವ ಭಾಷೆ ಬಾಯಿಗೆ ಬರುತ್ತೋ ಅದು ನಿಂದಾಯ್ತು ಅಂತ ಲೆಕ್ಕ" ಎನ್ನುತ್ತಿದ್ದರು.

ಆಫೀಸಿನ ಪರವಾಗಿ ಕನ್ನಡ ಕಲಿಸುವ ಆ್ಯಪ್ ತಂದವನು ನಾನು. ಅದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಪ್ಯಾಕಿಂಗ್ ವಿಭಾಗದ ಸಬಿತಾ ತರಗತಿಯಲ್ಲಿ ತಲೆಯನ್ನೇ ಎತ್ತುತ್ತಿರಲಿಲ್ಲ. ರೂಮಿನಲ್ಲಿ ಒಬ್ಬಳೇ ಕೂತು ಫೋನಿನ ಜೊತೆ ಮಾತಾಡಿ ಮಾತಾಡಿಯೇ ಅವಳಿಗೆ ನಾಲಿಗೆ ತಿರುಗಿದ್ದು. ಮೇಡಂ ಇದನ್ನು ಒಪ್ಪಿದರು, ತಮ್ಮದೇ ರೀತಿಯಲ್ಲಿ.

"ತಪ್ಪು ಮಾತಾಡಿದ್ರೂ ನಿನ್ ಫೋನು ನಗಾಡಲ್ಲ, ಅದು ಒಳ್ಳೇದೇ. ಆದ್ರೆ ಬೈದ್ರೆ ತಿರುಗಿ ಬೈಯೋದೂ ಇಲ್ವಲ್ಲೋ! ಊರ್ನೋರು ಹಂಗಿರ್ತಾರಾ?"

ಹೀಗಿರುವಾಗ ಮ್ಯಾನೇಜರ್ ಒಂದು ನಿಯಮ ತಂದರು. ಆ್ಯಪ್‌ನ ಮಾತಿನ ಪರೀಕ್ಷೆಯಲ್ಲಿ ಎಲ್ಲರೂ ಪಾಸಾದರೆ ತರಗತಿ ಉಂಟು. ಇಲ್ಲವಾದರೆ ಮೇಡಂ ಬೇಡ, ಫೋನೇ ಸಾಕು.

ಮೊದಲು ಲೇತ್ ಮೆಷಿನ್ನಿನ ಪಿಂಟು ಕೂತ. ಫೋನಿನೊಳಗಿನ ಹೆಂಗಸು ನಯವಾಗಿ, "ನಿಮ್ಮ ದಿನಚರಿಯನ್ನು ತಿಳಿಸಿ" ಎಂದಳು. ಮೇಡಂ ಕಲಿಸಿದ ಆಡುಮಾತಿನಲ್ಲಿ ಹೇಳಿದ. "ಕ್ಷಮಿಸಿ, ಮತ್ತೊಮ್ಮೆ ಹೇಳಿ" ಎಂದಳು. ಮತ್ತೆ ಹೇಳಿದ. ಅವಳು ಇನ್ನೊಮ್ಮೆ ಕ್ಷಮೆ ಕೇಳಿದಾಗ ಪಿಂಟು ಎದ್ದೇ ನಿಂತ.

"ಏನಮ್ಮಾ, ಕಿವಿ ಕೇಳ್ಸಲ್ವಾ? ನಂಗೇನ್ ಬೇರೆ ಕೆಲ್ಸ ಇಲ್ವಾ? ಆಗ್ಲಿಂದ ಅದನ್ನೇ ಹೇಳ್ತಾ ಇದೀನಿ! ಯಾರು ನಿನ್ ಓನರ್ರು? ಕರಿ ಇಲ್ಲಿ!"

ಫೋನು ಸೊನ್ನೆ ಕೊಟ್ಟಿತು. ಅವನ ನಂತರ ಪರೀಕ್ಷೆಗೆ ಕೂತವರೂ, ಫೋನು ಕ್ಷಮೆ ಕೇಳಿದ್ದೇ ತಡ, ಒಬ್ಬರಿಗಿಂತ ಒಬ್ಬರು ಜೋರಾಗಿ ಅದರ ಮೇಲೆ ಹರಿಹಾಯ್ದರು. ನಯವಾಗಿ ಉತ್ತರಿಸಿ ಪಾಸಾದವಳು ಸಬಿತಾ ಒಬ್ಬಳೇ. ಮೇಡಂ ಹಿಂದಿನ ಬೆಂಚಿನಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಕೆಲಸ ಕೈತಪ್ಪುತ್ತಿದೆ ಎಂಬ ಪರಿವೆಯೇ ಅವರಿಗಿದ್ದಂತಿರಲಿಲ್ಲ. ಅಷ್ಟು ಹೊತ್ತು ಕನ್ನಡದಲ್ಲೇ ಕೂಗಾಡಿದ ಉಳಿದ ಇಡೀ ತಂಡಕ್ಕೆ ಕನ್ನಡ ಬರುವುದಿಲ್ಲವೆಂದು ತೀರ್ಮಾನವಾಯಿತು. ನಾನು ಮ್ಯಾನೇಜರಿಗೆ ಹೇಳಿ ನೋಡಿದೆ. "ರಿಪೋರ್ಟ್ ನೋಡ್ರೀ, ರಿಪೋರ್ಟ್" ಎಂದರು.

ಮೇಡಂ ಅವರನ್ನು ನಾನು ಕೊನೆಯದಾಗಿ ಕಂಡದ್ದು ಬಸ್ ಸ್ಟಾಪಿನಲ್ಲಿ. ಎಲ್ಲರೂ ಕಳಿಸಿಕೊಡಲು ಬಂದಿದ್ದರು. "ಬರ್ತೀನಿ ಕಣ್ರಪ್ಪಾ" ಎನ್ನುವಷ್ಟರಲ್ಲಿ ಸಬಿತಾ ಅವರ ಚೀಲ ಕಿತ್ತುಕೊಂಡಳು.

"ಯಾರನ್ನ ಕೇಳಿ ಹೋಗ್ತಿದೀರಾ? ಅರ್ಧ ಕಲ್ಸಿ ಬಿಟ್ಟೋಗೋದು ನ್ಯಾಯಾನಾ? ನಾಳೆ ಬರ್ಲಿಲ್ಲ ಅಂದ್ರೆ ಗುಬ್ಬಿಗೇ ಬಂದು ನಿಮ್ಮನೆ ಮುಂದೆ ಕೂತ್ಕೋತೀನಿ, ನೋಡ್ತಿರಿ!"

ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಗುಬ್ಬಿ ಬಸ್ಸು ಬಂತು, ನಿಂತಿತು, ಹೋಯಿತು. ಅವರು ಹತ್ತಲಿಲ್ಲ. ಅದರ ಮುಂದಿನದಕ್ಕೆ ಹೋದರು.