ಮೂರು ಚುಕ್ಕಿಯ ಆಕ್ಸಲ್

ಗಾಳಿ, ಮಾಟ, ಪವಾಡ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ನಮ್ಮದು ಆಚಾರಿಗಳ ಮನೆ. ಅಪ್ಪ ಕುಲುಮೆ ಊದಿ ನೇಗಿಲಿನ ಗುಳ ತಟ್ಟುತ್ತಿದ್ದರು, ನಾನು ಪಾಂಡವಪುರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಕಬ್ಬಿಣವನ್ನು ಇಟ್ಟರೆ ಇಟ್ಟಲ್ಲೇ ಇರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಂಥ ಕತೆ ಹೇಳುವವರಿಗೆ ಸಾಮಾನ್ಯವಾಗಿ ಒಂದು ಅಮಾವಾಸ್ಯೆ ಬೇಕಾಗುತ್ತದೆ. ನನಗೆ ಆದದ್ದು ಬೆಳಿಗ್ಗೆ ಒಂಬತ್ತೂವರೆಗೆ, ಚೆನ್ನಾಗಿ ಬಿಸಿಲು ಬಿದ್ದಿದ್ದಾಗ.

ಅದಕ್ಕೂ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಚಿಕ್ಕಪ್ಪನ ಮಗ ನಂಜುಂಡನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವನು ಕೆಟ್ಟವನಲ್ಲ; ಕೆಟ್ಟವನಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಅವನಿಗೂ ಒಂದು ಪಿಕಪ್ ಗಾಡಿ, ನನಗೂ ಒಂದು. ಆದರೆ ಸಂತೆಬಾಚಹಳ್ಳಿಗೆ ಹೋದರೆ ವ್ಯಾಪಾರಿಗಳು ನನ್ನ ಖಾಲಿ ಗಾಡಿಯನ್ನು ದಾಟಿಕೊಂಡು ಹೋಗಿ ಅವನ ಗಾಡಿಗೆ ಮೂಟೆ ಹಾಕುತ್ತಿದ್ದರು. ಹೋಟೆಲಿನವನು ಅವನಿಗೆ ಕೇಳದೆಯೇ ಟೀ ತಂದಿಡುತ್ತಿದ್ದ, ನಾನು ಎರಡು ಸಲ ಕೂಗಬೇಕಿತ್ತು. ನನ್ನನ್ನು ಹೆತ್ತ ಅವ್ವ ಕೂಡ, ಅವನು ಊಟಕ್ಕೆ ಬಂದರೆ ದೊಡ್ಡ ಮುದ್ದೆಯನ್ನು ಅವನ ತಟ್ಟೆಗೇ ಹಾಕುತ್ತಿದ್ದಳು. ಮುದ್ದೆಯ ಗಾತ್ರ ಅಳೆಯುವಷ್ಟು ಸಣ್ಣ ಮನಸ್ಸಿನವನಾಗಿದ್ದೆ ನಾನು.

ಕೆಲವು ವರ್ಷಗಳ ಹಿಂದೆ, ಮೇಲುಕೋಟೆ ಬೆಟ್ಟದ ಮೇಲಿನ ಒಂದು ಛತ್ರಕ್ಕೆ ಅಕ್ಕಿ, ಬೇಳೆ, ತರಕಾರಿ ಸಾಗಿಸುವ ಕೆಲಸ ಬಂತು. ವರ್ಷಪೂರ್ತಿ ಸಿಗುವ ಕೆಲಸ. ಛತ್ರದ ಮೇನೇಜರು ನಮ್ಮಿಬ್ಬರನ್ನೂ ಕರೆದು, ಸೋಮವಾರ ಒಂದೊಂದು ಲೋಡು ತನ್ನಿ, ಯಾರ ಗಾಡಿ ಸಲೀಸಾಗಿ ಹತ್ತುತ್ತದೋ ಅವರಿಗೇ ಕೆಲಸ ಎಂದರು. ಇಬ್ಬರ ಗಾಡಿಯದೂ ಹಿಂದಿನ ಆಕ್ಸಲ್ ಸವೆದು ಸದ್ದು ಮಾಡುತ್ತಿತ್ತು. ನಾನೇ ಮೈಸೂರಿನ ಗುಜರಿಗೆ ಹೋಗಿ ಎರಡು ಹಳೆಯ ಆಕ್ಸಲ್ ತಂದೆ.

ಹೊರಗಿನಿಂದ ಎರಡೂ ಒಂದೇ ಥರ. ಮುಚ್ಚಳ ಬಿಚ್ಚಿ ಒಳಗಿನ ಚಕ್ರಗಳ ಹಲ್ಲು ಎಣಿಸಿದೆ. ಒಂದರಲ್ಲಿ ದೊಡ್ಡ ಚಕ್ರಕ್ಕೆ ನಲವತ್ತೊಂದು ಹಲ್ಲು, ಚಿಕ್ಕದಕ್ಕೆ ಎಂಟು. ಅಂದರೆ ಎಂಜಿನ್ ಕಡೆಯ ಶಾಫ್ಟು ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು ತಿರುಗುತ್ತದೆ. ನಿಧಾನ, ಆದರೆ ಎಂಥ ಲೋಡನ್ನಾದರೂ ಎಳೆಯುತ್ತದೆ. ಇನ್ನೊಂದರಲ್ಲಿ ಮೂವತ್ತೇಳು ಮತ್ತು ಒಂಬತ್ತು. ಶಾಫ್ಟಿನ ನಾಲ್ಕು ಸುತ್ತಿಗೆಲ್ಲ ಗಾಲಿ ಒಂದು ಸುತ್ತು ಬರುತ್ತದೆ. ಸಮತಟ್ಟಿನಲ್ಲಿ ಓಟ ಚೆನ್ನ, ಲೋಡು ಹೊತ್ತು ಬೆಟ್ಟ ಹತ್ತುವಾಗ ಉಸಿರು ಕಟ್ಟುತ್ತದೆ.

"ನಂಗೇನ್ ಗೊತ್ತಾಯ್ತದಣ್ಣ, ಯಾವ್ದು ಸರಿಯೋ ನೀನೇ ನೋಡಿ ಹಾಕ್ಬುಡು" ಎಂದ ನಂಜುಂಡ.

"ನಿಂಗೆ ಈ ಓಡೋದೇ ಸರಿ ಕಣ್ಲಾ. ಡೀಸೆಲ್ಲೂ ಉಳೀತದೆ" ಎಂದೆ. ಡೀಸೆಲ್ ಉಳಿಯುವುದು ನಿಜವೇ. ಬೆಟ್ಟದ ಮಾತು ಮಾತ್ರ ಎತ್ತಲಿಲ್ಲ.

ಎಳೆಯುವ ಆಕ್ಸಲ್ಲಿನ ಮೇಲೆ ಗುರುತಿಗೆಂದು ಮೂರು ಚುಕ್ಕಿ ಕುಟ್ಟಿ ನನ್ನ ಗಾಡಿಗೆ ಹಾಕಿಕೊಂಡೆ, ಓಡುವುದನ್ನು ನಂಜುಂಡನ ಗಾಡಿಗೆ ಹಾಕಿದೆ. ಎಣ್ಣೆ ಸೋರದಂತೆ ಮುಚ್ಚಳಗಳ ಅಂಚಿಗೆ ಕೆಂಪು ಪೇಸ್ಟು ಬಳಿದು ಬೋಲ್ಟು ಬಿಗಿದೆ. ಯಾವ ಗಾಡಿಗೆ ಎಷ್ಟು ಹಲ್ಲು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ, ಅದು ನನ್ನ ಅಭ್ಯಾಸ. ಭಾನುವಾರ ನನ್ನ ಗಾಡಿಯ ತುಂಬ ಲೋಡು ಹೇರಿಕೊಂಡು ತೊಣ್ಣೂರಿನ ಕಡೆಯ ದಿಬ್ಬ ಹತ್ತಿಸಿ ನೋಡಿದೆ. ಗಾಡಿ ಒಳ್ಳೆಯ ಎತ್ತಿನ ಹಾಗೆ ಎಳೆಯಿತು. ಸಂಜೆ ಎರಡೂ ಗಾಡಿಗಳನ್ನು ಗ್ಯಾರೇಜಿನೊಳಗೆ ನಿಲ್ಲಿಸಿ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮಲಗಿದೆ.

ಸೋಮವಾರ ಬೇಕೆಂದೇ ನಾನು ಮುಂದೆ ಹೊರಟೆ. ಅವನ ಗಾಡಿ ನಿಲ್ಲುವುದನ್ನು ಕನ್ನಡಿಯಲ್ಲಿ ನೋಡಬೇಕಿತ್ತು ನನಗೆ. ಬೆಟ್ಟದ ಎರಡನೇ ತಿರುವಿನಲ್ಲಿ ನೋಡಿದೆ, ಹಿಂದಿನ ಗಾಡಿ ನಿಂತೇ ಬಿಟ್ಟಿತ್ತು. ಡ್ರೈವರು ಇಳಿದು ಬಗ್ಗಿ ಹಿಂದಿನ ಗಾಲಿಗೆ ಕಲ್ಲು ಕೊಡುತ್ತಿದ್ದ. ಸುಳ್ಳೇಕೆ, ಹೊಟ್ಟೆ ತಣ್ಣಗಾಯಿತು. ಆಮೇಲೆ ಅಂಗಿಯ ಕಡೆ ಗಮನ ಹೋಯಿತು. ಅದು ಖಾಕಿ ಅಂಗಿ. ನಂಜುಂಡ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಬಂದಿದ್ದ. ಖಾಕಿ ತೊಟ್ಟಿದ್ದವನು ನಾನು.

ಇದೇನೆಂದು ಯೋಚಿಸುವಷ್ಟರಲ್ಲಿ ನನ್ನ ಗಾಡಿ ಮುಗ್ಗರಿಸಿ ಆಫ್ ಆಯಿತು. ಸ್ಟಾರ್ಟ್ ಮಾಡಿ ಮೊದಲನೇ ಗೇರಿಗೆ ಹಾಕಿದರೂ ಏಳಲಿಲ್ಲ, ಹಿಂದಕ್ಕೆ ಜಾರತೊಡಗಿತು. ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಕಲ್ಲು ಹುಡುಕಿ ಬಗ್ಗಿ ಹಿಂದಿನ ಗಾಲಿಗೆ ಕೊಟ್ಟೆ. ತಲೆ ಎತ್ತಿ ನೋಡಿದರೆ ಹಿಂದೆ ನಿಂತ ಗಾಡಿಯೇ ಇರಲಿಲ್ಲ. ನಂಜುಂಡ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು ಆರಾಮಾಗಿ ಹತ್ತಿ ಬರುತ್ತಿದ್ದ.

"ಯಾಕಣ್ಣ ನಿಂತ್ಬುಟ್ಟೆ?"

"ನೀ ಓಗ್ಲಾ ಮುಂದ್ಕೆ" ಎಂದೆ.

ಅವನು ಮೇಲೆ ಹೋಗಿ ಲೋಡು ಇಳಿಸಿ, ಖಾಲಿ ಗಾಡಿ ತಂದು, ನನ್ನ ಮೂಟೆಗಳಲ್ಲಿ ಅರ್ಧವನ್ನು ತನ್ನ ಗಾಡಿಗೆ ಹಾಕಿಕೊಂಡ. ಕೆಲಸ ಅವನಿಗಾಯಿತು.

ಅವತ್ತೇ ಮಧ್ಯಾಹ್ನ ನನ್ನ ಗಾಡಿಯ ಕೆಳಗೆ ತೂರಿದೆ. ಮೂರು ಚುಕ್ಕಿ ಇದ್ದಲ್ಲೇ ಇದ್ದವು. ಕೆಂಪು ಪೇಸ್ಟು ಎಲ್ಲೂ ಬಿರಿದಿರಲಿಲ್ಲ. ಮುಚ್ಚಳ ಬಿಚ್ಚಿ ಎಣಿಸಿದೆ. ಮೂವತ್ತೇಳು, ಒಂಬತ್ತು. ಒಂದು ಹಲ್ಲಿಗೆ ಗುರುತು ಹಾಕಿಕೊಂಡು ನಾಲ್ಕು ಸಲ ಎಣಿಸಿದೆ. ಗೋಡೆಯ ಮೇಲೆ ನನ್ನ ಗಾಡಿಗೆ ನಲವತ್ತೊಂದು, ಎಂಟು ಎಂದು ನನ್ನದೇ ಕೈಬರಹದಲ್ಲಿತ್ತು. ಎಣ್ಣೆ ನೋಡುವ ನೆಪ ಹೇಳಿ ನಂಜುಂಡನದನ್ನೂ ಬಿಚ್ಚಿದೆ. ನಲವತ್ತೊಂದು, ಎಂಟು. ಅದನ್ನೂ ನಾಲ್ಕು ಸಲ ಎಣಿಸಿ ಮುಚ್ಚಳ ಬಿಗಿದೆ.

ಹೊಟ್ಟೆಕಿಚ್ಚಿನಲ್ಲಿ ನೀನೇ ಅದಲುಬದಲು ಮಾಡಿರುತ್ತೀಯ ಎಂದು ನೀವು ಹೇಳಬಹುದು. ಹಾಗಾದರೆ ಭಾನುವಾರ ತೊಣ್ಣೂರಿನ ದಿಬ್ಬವನ್ನು ನನ್ನ ಗಾಡಿ ಹತ್ತಿದ್ದು ಹೇಗೆ? ರಾತ್ರಿ ಯಾರೋ ಬದಲಿಸಿದರು ಎನ್ನೋಣವೆಂದರೆ ಬೀಗ ಹಾಕಿದ್ದು ಹಾಗೇ ಇತ್ತು, ಅದು ಇಬ್ಬರು ಸೇರಿ ಇಡೀ ದಿನ ಮಾಡುವ ಕೆಲಸ ಬೇರೆ. ಆ ಖಾಕಿ ಅಂಗಿಯ ವಿಷಯವನ್ನಂತೂ ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅವತ್ತು ರಾತ್ರಿ ನಂಜುಂಡ ಸಿಹಿ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಅವ್ವನ ಮುಂದೆ ಕುಳಿತು, "ಬೆಟ್ಟ ಹತ್ತುವಾಗ್ಲೇ ಗೊತ್ತಾಯ್ತು, ಎಳೆಯೋ ಆಕ್ಸಲ್ ನಂಗಾಕ್ಬುಟ್ಟು, ಅಣ್ಣ ಓಡೋದ್ನ ತಾನು ಇಟ್ಕೊಂಡವ್ನೆ ದೊಡ್ಡವ್ವ. ಡೀಸೆಲ್ ಉಳೀತದೆ ಅಂತ ನಂಗೆ ಸುಳ್ಳೇಳಿ ಹಾಕವ್ನೆ. ಯಾರ್ ಮಾಡ್ತಾರೆ ಇಂಗೆ?" ಎಂದ. ಅವನ ಕಣ್ಣು ತುಂಬಿತ್ತು. ನಾನು ಸಿಹಿಯ ಪೊಟ್ಟಣ ಬಿಚ್ಚತೊಡಗಿದೆ. ಅವ್ವ ದೊಡ್ಡ ಮುದ್ದೆಯನ್ನು ತಂದು ನನ್ನ ತಟ್ಟೆಗೆ ಹಾಕಿದಳು.

ಇವತ್ತಿಗೂ ಅವನ ಗಾಡಿ ಬೆಟ್ಟದ ಕಡೆ ಹೊರಟರೆ ನನಗೆ ಹೊಟ್ಟೆ ಉರಿಯುತ್ತದೆ, ಅದೇನೂ ಹೋಗಿಲ್ಲ. ಆಕ್ಸಲ್‌ಗಳೂ ಹಾಗೇ ಇವೆ. ಗ್ಯಾರೇಜಿಗೆ ಸುಣ್ಣ ಹೊಡೆಸುವಾಗ ಆ ಎರಡು ಸಾಲು ಬರಹವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ. ಆಗಾಗ ನಿಂತು ಓದುತ್ತೇನೆ, ಏನೂ ಹೊಳೆಯುವುದಿಲ್ಲ. ಊಟಕ್ಕೆ ಕುಳಿತರೆ ದೊಡ್ಡ ಮುದ್ದೆ ಈಗಲೂ ನನ್ನ ತಟ್ಟೆಗೇ ಬೀಳುತ್ತದೆ. ಬೇಡವೆಂದರೆ ಯಾಕೆಂದು ಅವ್ವ ಕೇಳುತ್ತಾಳೆ.