ಕಾರಣ ಕೇಳುತ್ತಿದ್ದ ನೀಲವ್ವ

ಆಸ್ಪತ್ರೆಗೆ ಹೋಗುವ ವಾರ ಬಂತೆಂದರೆ ನೀಲವ್ವ ತಮ್ಮ ಚರ್ಮವನ್ನು ಸಿಂಗರಿಸಲು ತೊಡಗುತ್ತಿದ್ದರು. ಬೆನ್ನು, ತೊಡೆಗಳ ಕೆಂಪು ಮಚ್ಚೆಗಳಿಗೆ ಮೆಡಿಕಲ್ ಅಂಗಡಿಯ ಟ್ಯೂಬು ಹಚ್ಚುವುದು, ತಿಕ್ಕಿ ತಿಕ್ಕಿ ಮೀಯುವುದು, ಹೊರಡುವ ದಿನ ಮೇಲೊಂದಿಷ್ಟು ಪೌಡರು. ಇಸ್ತ್ರಿ ಸೀರೆಯುಟ್ಟು ನನ್ನ ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಮಚ್ಚೆಗಳು ಮಸುಕಾಗಿರುತ್ತಿದ್ದವು.

ವಿಜಯಪುರದ ಕಡೆಯವರು. ಗೋವಾದ ಮುರ್ಮುಗಾಂವ್ ಬಂದರಿನಲ್ಲಿ ಚೆಲ್ಲಿದ ಅದಿರು ಗುಡಿಸುವ ಕೆಲಸ. ನಮ್ಮ ಪಕ್ಕದ ಖೋಲಿಯಲ್ಲೇ ವಾಸ. ನಾನು ಶಾಲೆಯಲ್ಲಿ ಕಲಿಸುವವಳಾದ್ದರಿಂದ ಅವರ ಜೊತೆ ಆಸ್ಪತ್ರೆಗೆ ಹೋಗಿ ಡಾಕ್ಟರರ ಮಾತನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಪಾಲಿಗೆ ಬಂದಿತ್ತು.

ನೀಲವ್ವನಿಗೆ ಔಷಧಿಗಿಂತ ಕಾರಣ ಬೇಕಿತ್ತು. "ದೂಳಿನಿಂದ ಬಂದಿದ್ರ ನನ್ನ ಪಾಡು ನನಗ. ಹುಳದಿಂದ ಬಂದಿದ್ರ ಕೂಸಿಗೂ ಹತ್ತತೈತ್ರಿ, ಅಕ್ಕೋರ." ಕೂಸು ಎಂದರೆ ಎರಡು ವರ್ಷದ ಮೊಮ್ಮಗಳು ಭಾಗ್ಯಾ. ಕಾರಣ ಗೊತ್ತಾಗುವವರೆಗೆ ಅವಳನ್ನು ಮುಟ್ಟುವುದಿಲ್ಲವೆಂದು ನೀಲವ್ವ ಹಟ ಹಿಡಿದಿದ್ದರು. ತಿಂಗಳಿಗೊಬ್ಬ ಆರೋಪಿ: ಅದಿರು, ಕಲ್ಲಿದ್ದಲು, ಬಾಂಗಡೆ ಮೀನು. "ಈ ತಿಂಗಳ ಸಾಬೂನ ಬಿಟ್ಟೇನ್ರಿ. ಅದರ ಮ್ಯಾಲ ಭಾಳ ಸಂಶೇ ಐತಿ."

ಎರಡು ಸಲ ಚರ್ಮದ ಚೂರು ತೆಗೆದು ಪರೀಕ್ಷಿಸಿದರು. ಎರಡು ಸಲವೂ ಏನೂ ಖಚಿತವಾಗಲಿಲ್ಲ. ಎರಡನೆಯ ಸಲ ಡಾಕ್ಟರರು ಬೆರಳಿಗಂಟಿದ ಪೌಡರು ನೋಡಿ, ಇನ್ನೇನು ಹಚ್ಚುತ್ತೀರಿ ಎಂದು ಕೇಳಿದಾಗ ಟ್ಯೂಬಿನ ಸಂಗತಿ ಹೊರಬಿತ್ತು. ಆ ಕ್ರೀಮು ರೋಗದ ಗುರುತನ್ನೇ ಮರೆಮಾಡುತ್ತದಂತೆ. ಹೊರಗೆ ಬಂದು ರೇಗಿದೆ.

"ಡಾಕ್ಟರ ಮುಂದ ಹೊಲಸ ಮೈ ತೋರಸ್ಲೇನ್ರಿ? ಬೀಗರ ಮನಿಗೆ ಹರಕ ಸೀರಿ ಉಟ್ಕೊಂಡು ಹೋಗ್ತೀರೇನ ನೀವು?"

ಕಾರಣ ಬೇಕೆಂದು ಹಟ ಹಿಡಿದವರೇ ಅದರ ಜಾಡನ್ನು ಅಳಿಸುತ್ತ ಬಂದಿದ್ದರು! ಆದರೆ ಮೊದಲ ಟ್ಯೂಬು ಕೊಟ್ಟವರು ಯಾರು? ಅಂಗಡಿಯವನೆಂದು ನನ್ನ ನೆನಪು. "ನೀನೇ ತಂದುಕೊಟ್ಟೆ, ಗಜಕರ್ಣ ಅಂತ," ಎನ್ನುತ್ತಾರೆ ನನ್ನ ಗಂಡ. ನನ್ನ ಡೈರಿಯಲ್ಲಿ ಆ ತಿಂಗಳ ಮಳೆಯ ವಿಷಯವೆಲ್ಲ ಇದೆ, ಟ್ಯೂಬಿನ ವಿಷಯವಿಲ್ಲ.

ಮೂರನೆಯ ಪರೀಕ್ಷೆಗೆ ಮುಂಚೆ ನಾಲ್ಕು ವಾರ ಅವರು ಏನನ್ನೂ ಹಚ್ಚದಂತೆ ಕಾದೆ. ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುತ್ತ ಬೈದರು: "ನಿಮ್ಮ ಡಾಕ್ಟರ್‌ಗ ಚಂದ ಬ್ಯಾಡಂತ, ಹೊಲಸ ಬೇಕಂತ!" ಈ ಸಲ ರೋಗದ ಹೆಸರು ಸಿಕ್ಕಿತು: ಚರ್ಮದಲ್ಲಿ ಕಾಣಿಸಿಕೊಳ್ಳುವ ಅಪರೂಪದ ಲಿಂಫೋಮಾ, ರಕ್ತದ ಬಿಳಿ ಕಣಗಳ ಕ್ಯಾನ್ಸರ್. ನೀಲವ್ವ ಕೇಳಿದ್ದು ಒಂದೇ ಮಾತು, ಯಾಕೆ ಬಂತು?

ಕೆಲಸದ ಜಾಗದ ರಾಸಾಯನಿಕಗಳು, ಕೆಲವು ವೈರಸ್‌ಗಳು, ಬ್ಯಾಕ್ಟೀರಿಯಾ, ಎಲ್ಲದರ ಮೇಲೂ ಅನುಮಾನವಿದೆ, ಯಾವುದೂ ಸಾಬೀತಾಗಿಲ್ಲ, ಆದರೆ ಮುಟ್ಟಿದರೆ ಹರಡುವುದಿಲ್ಲ ಎಂದರು ಡಾಕ್ಟರರು.

"ಪೊಲೀಸರಂಗ ಆತಲ್ರಿ," ಎಂದರು ನೀಲವ್ವ. "ಎಲ್ಲಾರ್ನೂ ಹಿಡ್ಯೂದು, ಯಾರ್ನೂ ಒಳಗ ಹಾಕೂದಿಲ್ಲ. ಯಾಕ ಬಂತು ಗೊತ್ತಿಲ್ಲ, ಹತ್ತೂದಿಲ್ಲ ಅನ್ನೂದು ಮಾತ್ರ ಹೆಂಗ ಗೊತ್ತಾತು?"

ಬಸ್ಸಿನಲ್ಲಿ ಉದ್ದಕ್ಕೂ ವಿವರಿಸಿದೆ. ಇಂಥ ರೋಗಿಗಳ ಮನೆಯವರು ವರ್ಷಗಟ್ಟಲೆ ಜೊತೆಗಿದ್ದರೂ ಅವರಿಗೆ ಅಂಟುವುದಿಲ್ಲ ಎಂದೆ. "ಹೌದ್ರಿ, ನೀವು ಸಾಲಿ ಕಲ್ತಾವರು," ಎಂದು ಕಿಟಕಿಯ ಕಡೆ ತಿರುಗಿದರು. ಅದು ಅವರು ಮಾತು ಮುಗಿಸುವ ರೀತಿ. ನನಗೆ ಬಸ್ಸಿನಿಂದ ಇಳಿದುಬಿಡೋಣ ಎನಿಸಿತು.

ಅವರನ್ನು ಕೊನೆಯ ಸಲ ನೋಡಿದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಹುಣ್ಣುಗಳು ಒಡೆದು ಎರಡೂ ಕೈಗೆ ಪಟ್ಟಿ ಸುತ್ತಿದ್ದರು. ಸೊಸೆ ಊಟದ ಡಬ್ಬಿ ತೊಳೆಯಲು ಹೋದಾಗ ಭಾಗ್ಯಾ ಮಂಚ ಹತ್ತಿ, ಅಜ್ಜಿಯ ಎದೆಗೊರಗಿ ನಿದ್ದೆ ಹೋಗಿದ್ದಳು. ನೀಲವ್ವ ಎರಡೂ ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿದ್ದರು.

"ಕೈ ಇಳಸ್ರಿ! ಡಾಕ್ಟರ್ ಎಷ್ಟ ಸಲ ಹೇಳಬೇಕು?" ಎಂದು ಗದರಿದೆ.

"ಮೆಲ್ಲಕ ಮಾತಾಡ್ರಿ, ಅಕ್ಕೋರ. ಕೂಸು ಎಚ್ಚರಾಕ್ಕೈತಿ."

ಅವರು ತೀರಿಕೊಂಡು ವರ್ಷವಾಯಿತು. ನಾನು ಹೊರಡುವಾಗ ಒಂದು ಕೈ ಇಳಿದು ಕೂಸಿನ ಬೆನ್ನಿನ ಮೇಲಿತ್ತು ಎಂದು ಈಚೆಗೆ ನೆನಪಾಗುತ್ತಿದೆ. ಅವತ್ತಿನ ಡೈರಿಯಲ್ಲಿ ಹಾಗೆ ಬರೆದಿಲ್ಲ.